ತಿರುಗಿಸಿ ಹಾಕಿಕೊಳ್ಳದ ಹೆಡ್‌ಫೋನು

ಹಿರಿಯೂರಿನ ತಿಮ್ಮರಾಯಪ್ಪನವರ ಹೆಡ್‌ಫೋನು ನಮ್ಮ ಮನೆಗೆ ಬಂದದ್ದು ಒಂದು ಕಪ್ಪು ಪೆಟ್ಟಿಗೆಯಲ್ಲಿ. ಪೆಟ್ಟಿಗೆಯ ಗಾತ್ರ ನೋಡಿ ನಮ್ಮ ಮನೆಯವರು, “ಏನೇ ಇದು, ನಿನ್ನ ಮಗಳು ತಬಲ ಕಲಿಯಾಕೆ ಹೊಂಟ್ಳಾ?” ಎಂದರು.

“ಹೆಡ್‌ಫೋನು ಕಣ್ರಿ,” ಎಂದು ಅವರ ಬಲಗಡೆಗೆ ಹೋಗಿ ಕೂಗಿದೆ. ಎಡಗಡೆ ನಿಂತು ಕೂಗಿದರೆ ಅವರಿಗೆ ಗೋಡೆಗೆ ಹೇಳಿದಂತೆಯೇ.

“ಆಗ್ಲೇ ಒಂದು ಐತಲ್ಲ ಅವಳ ಹತ್ರ?”

“ಅದನ್ನೂ ಇದನ್ನೂ ಹೋಲಿಸಿ ನೋಡ್ತಾಳಂತೆ. ಸ್ವಲ್ಪ ದಿನ ಇಟ್ಕಂಡು ವಾಪಸ್ ಕೊಡ್ತಾಳೆ.”

“ಇರೋದು ಎರಡು ಕಿವಿ. ನಾಕು ಕಿವಿಗೆ ಆಗೋವಷ್ಟು ತಂದವ್ಳೆ,” ಎಂದು ನಗುತ್ತಾ ಅವರು ಗಿರಣಿಗೆ ಹೊರಟರು.

ಹೊಳಲ್ಕೆರೆಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ಮಗಳು ಸಹನಾ ಮನೆಯಲ್ಲೇ ಕೂತು ಕೆಲಸ ಮಾಡುತ್ತಾಳೆ. ಭಜನೆಯವರು, ಶಾಲೆಯವರು, ಮದುವೆ ವಿಡಿಯೋ ಮಾಡುವವರು ರೆಕಾರ್ಡ್ ಮಾಡಿ ಕಳಿಸಿದ್ದರಲ್ಲಿ ಫ್ಯಾನಿನ ಸದ್ದು, ನಾಯಿ ಬೊಗಳಿದ್ದು, ಮೈಕಿನ ಕಿರುಚಾಟ ಎಲ್ಲ ತೆಗೆದು ಹಾಡನ್ನು, ಮಾತನ್ನು ಉಳಿಸಿಕೊಡುವುದು ಅವಳ ಕಸುಬು. ಸಿರಿಗೆರೆಯಿಂದ, ಹೊಸದುರ್ಗದಿಂದ ಅವಳಿಗೆ ಕೆಲಸ ಬರುತ್ತದೆ. ಅದಕ್ಕೆಂದೇ ಹೊಟ್ಟೆ ಬಟ್ಟೆ ಕಟ್ಟಿ ಒಂದು ಒಳ್ಳೆಯ ಹೆಡ್‌ಫೋನು ಕೊಂಡಿದ್ದಳು. ಹಾಗೆ ಕೊಂಡವರೆಲ್ಲ ಸೇರುವ ಒಂದು ಗುಂಪು ಮೊಬೈಲಿನಲ್ಲಿದೆ. ಅಲ್ಲೇ ಅವಳಿಗೆ ತಿಮ್ಮರಾಯಪ್ಪನವರ ಪರಿಚಯ. ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು, ಹೆಡ್‌ಫೋನಿನ ಹುಚ್ಚು. ಅವರದು ಇವಳದಕ್ಕಿಂತ ಎಷ್ಟೋ ಮೇಲಿನ ದರ್ಜೆಯದು. ಬೆಲೆ ಎಷ್ಟೆಂದು ಕೇಳಿದ್ದಕ್ಕೆ ಸಹನಾ, “ಬ್ಯಾಡಮ್ಮ, ಆಮೇಲೆ ನೀನು ಅದರ ಹತ್ರ ಕಸ ಗುಡ್ಸಾಕೂ ಹೋಗಲ್ಲ,” ಎಂದಳು.

ಅದರ ಹೊರಮೈಯೆಲ್ಲ ಜಾಲರಿ. ಕಿವಿಗೆ ಹಾಕಿಕೊಂಡವರಿಗೆ ಕೇಳುವುದು ಹೊರಗಿನವರಿಗೂ ಪಿಸುಪಿಸು ಕೇಳುತ್ತದೆ. “ಇಷ್ಟು ದುಡ್ಡು ಕೊಟ್ಟೂ ಸದ್ದು ಸೋರ್ತೈತಲ್ಲೇ,” ಎಂದೆ.

“ಸೋರಬೇಕಮ್ಮ, ಅದೇ ಅದರ ಚೆಂದ. ಬೇರೆ ಹೆಡ್‌ಫೋನಿನಾಗೆ ಒಂದು ಸಣ್ಣ ಬಟ್ಟಲು ಅಲ್ಲಾಡಿ ಸದ್ದು ಬರ್ತೈತೆ. ಇದರಾಗೆ ಜರಡಿಗೆ ಬಟ್ಟೆ ಬಿಗಿದಂಗೆ ಒಂದು ಹಾಳೆ ಬಿಗಿದವ್ರೆ. ಈರುಳ್ಳಿ ಸಿಪ್ಪೆ ಒಳಗಿನ ಪೊರೆಗಿಂತ ತೆಳ್ಳಗೈತೆ. ಅದರ ಅಕ್ಕಪಕ್ಕ ಸಾಲಾಗಿ ಅಯಸ್ಕಾಂತ. ಇಡೀ ಹಾಳೆ ಒಂದೇ ಸಲ ನಡುಗ್ತೈತೆ. ಅದಕ್ಕೇ ಪ್ಲೇನರ್ ಮ್ಯಾಗ್ನೆಟಿಕ್ ಅನ್ನೋದು.”

ಮೊದಲ ವಾರ ಮನೆ ಹಬ್ಬದಂತಿತ್ತು. ಒಂದೇ ಹಾಡನ್ನು ಇದರಲ್ಲಿ ಕೇಳುವುದು, ಅದರಲ್ಲಿ ಕೇಳುವುದು. ಬದಲಾಯಿಸುವ ಮೊದಲು ಒಂದು ಯಂತ್ರ ಹಿಡಿದು ಎರಡರ ಸದ್ದೂ ಒಂದೇ ಮಟ್ಟಕ್ಕೆ ತರುತ್ತಿದ್ದಳು. ಒಂದು ಚೂರು ಜೋರಾಗಿದ್ದದ್ದೇ ಯಾವಾಗಲೂ ಚೆನ್ನಾಗಿದೆ ಅನಿಸುತ್ತದಂತೆ, ಅದು ಕಿವಿ ನಮಗೆ ಮಾಡುವ ಮೋಸವಂತೆ. ಅವರೆಕಾಯಿ ಸುಲಿಯುತ್ತಾ ಕೂತಿದ್ದ ನನ್ನನ್ನೂ ಹಿಡಿದು ಕೂರಿಸಿದಳು. ಹೊಸದುರ್ಗದ ಕಡೆಯ ಜುಂಜಮ್ಮ ಎಂಬ ಹೆಂಗಸು ಭಜನೆ ತಂಡದ ಜೊತೆ ಹಾಲುರಾಮೇಶ್ವರದ ಗುಡಿಗೆ ಹೋದಾಗ ಹಾಡಿದ ಪದ ಅದು. ಹಿಂದೆ ಹಾರ್ಮೋನಿಯಂ.

“ಹೇಳು, ಯಾವುದು ಚೆಂದ?”

“ಇವರದರಾಗೆ ಜುಂಜಮ್ಮ ನನ್ನ ಎದುರಿಗೇ ಕುಂತವಳೆ. ನಿಂದರಾಗೆ ಪಕ್ಕದ ಮನೆಯಾಗೆ ಕುಂತು ಹಾಡ್ತಾಳೆ.”

ಅವಳ ಮುಖ ಸಣ್ಣದಾಯಿತು. “ಪಕ್ಕದ ಮನೆ ಅಷ್ಟು ದೂರ ಆಯ್ತಮ್ಮ. ನಡುಮನೆ ಅನ್ನು.”

“ನಡುಮನೆ,” ಎಂದೆ. ತಾನೇ ಕಷ್ಟಪಟ್ಟು ಕೊಂಡದ್ದಲ್ಲವೇ.

ಎರಡನೆಯ ವಾರ ಅವಳ ಮಾತು ಕಡಿಮೆಯಾಯಿತು. ಊಟಕ್ಕೆ ಕರೆದರೆ ಬರುತ್ತಿದ್ದಳು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಹಾಗೇ ಹಿಡಿದು ಕೂರುತ್ತಿದ್ದಳು. ಕೋಣೆಯ ಫ್ಯಾನು ಆರಿಸುವಳು, ಕಿಟಕಿ ಹಾಕುವಳು, ತೆಗೆಯುವಳು. ಒಂದು ದಿನ ಫ್ರಿಜ್ಜಿನ ಸ್ವಿಚ್ಚನ್ನೂ ಆರಿಸಿದಳು. ಹಾಲು ಒಡೆದು ಹೋದಮೇಲೆ ನನಗೆ ಗೊತ್ತಾಯಿತು.

“ಏನಾಗೈತೆ ನಿಂಗೆ?”

“ಅಮ್ಮ, ಇಲ್ಲಿ ಕೇಳು.” ತಿಮ್ಮರಾಯಪ್ಪನವರ ಹೆಡ್‌ಫೋನನ್ನು ನನ್ನ ತಲೆಗೆ ಹಾಕಿದಳು. ಜುಂಜಮ್ಮನ ಪದವೇ. “ಹಾರ್ಮೋನಿಯಂ ಕೆಳಗಿನ ಸ್ವರಕ್ಕೆ ಇಳಿಯೋವಾಗ ಎಡಗಡೆ ಏನಾರ ಕೇಳಿಸ್ತೈತಾ?”

ಹಾರ್ಮೋನಿಯಂ ಇಳಿಯಿತು. ನನಗೆ ಹಾರ್ಮೋನಿಯಮ್ಮೇ ಕೇಳಿಸಿತು. “ಏನು ಕೇಳಿಸಬೇಕು?”

“ಸಣ್ಣಕೆ ಜುಂಯ್ ಅಂತ.”

ನಾನು ಕಣ್ಣು ಮುಚ್ಚಿ ಕೇಳಿದೆ. ಇದೆಯೇನೋ ಅನಿಸಿತು, ಇಲ್ಲವೇನೋ ಅನಿಸಿತು. ಅವಳು ಹೇಳಿದ ಮೇಲೆ ನನಗೆ ಒಗ್ಗರಣೆಯ ಸದ್ದೂ ಹಾಗೇ ಕೇಳತೊಡಗಿತು. “ನಂಗೆ ಗೊತ್ತಾಗ್ತಿಲ್ಲ ಕೂಸೇ,” ಎಂದೆ. ಅವಳು ಹೆಡ್‌ಫೋನನ್ನು ತೆಗೆದುಕೊಂಡಳು.

ಅವಳ ಮನಸ್ಸಿನಲ್ಲಿ ಏನು ಓಡುತ್ತಿದೆ ಎಂಬುದು ನನಗೆ ಆ ಕ್ಷಣ ತಿಳಿಯಿತು.

ನಮ್ಮ ಮನೆಯವರಿಗೂ ಹೀಗೇ ಶುರುವಾದದ್ದು. ಊಟಕ್ಕೆ ಕೂತಾಗ ಒಂದು ದಿನ, “ಎಡಗಿವ್ಯಾಗೆ ಗುಂಯ್ ಅಂತೈತೆ ಕಣೆ,” ಎಂದಿದ್ದರು. ಗಿರಣಿಯ ಸದ್ದು, ಮಲಗೆದ್ದರೆ ಹೋಗುತ್ತದೆ ಎಂದುಕೊಂಡೆವು. ಹೋಗಲಿಲ್ಲ. ವರ್ಷದಿಂದ ವರ್ಷಕ್ಕೆ ಗುಂಯ್ ಎನ್ನುವುದು ಹೆಚ್ಚಾಗಿ, ಮಿಕ್ಕಿದ್ದೆಲ್ಲ ಕಡಿಮೆಯಾಯಿತು. ನಮ್ಮತ್ತೆ ಅನ್ನಪೂರ್ಣಮ್ಮ ಗಿರಣಿಯ ಕಡೆ ತಲೆ ಹಾಕಿದವರಲ್ಲ, ಅವರಿಗೂ ಐವತ್ತು ತುಂಬುವುದರೊಳಗೆ ಕಿವಿ ಹೋಗಿತ್ತು. ಹಾಗಾಗಿ ಡಾಕ್ಟರು, ಇದು ಸದ್ದಿನಿಂದಲೂ ಬರುತ್ತದೆ, ವಂಶದಿಂದಲೂ ಬರುತ್ತದೆ ಎಂದಿದ್ದರು. ಆ ಮಾತು ಹೇಳುವಾಗ ಸಹನಾ ಅಪ್ಪನ ಪಕ್ಕದಲ್ಲೇ ಕೂತಿದ್ದಳು. ಕಾಲೇಜಿಗೆ ಹೋಗುತ್ತಿದ್ದ ಕಾಲ. ಚಿಕ್ಕವಳಿದ್ದಾಗ ದಿನಾ ಶಾಲೆ ಬಿಟ್ಟ ಮೇಲೆ ಅವಳು ಗಿರಣಿಯಲ್ಲೇ ಕೂತು ಹೋಂವರ್ಕ್ ಬರೆದವಳು.

ಕಿವಿಯೇ ಅನ್ನವಾಗಿರುವವಳಿಗೆ ಕಿವಿ ಹೋದರೆ?

“ಚಿತ್ರದುರ್ಗದಾಗೆ ಕಿವಿ ಡಾಕ್ಟರ ಹತ್ರ ತೋರಿಸ್ಕಂಡು ಬರಾಣ,” ಎಂದೆ.

“ನೋಡಾಣ ತಗಳಮ್ಮ. ಇದು ಹೆಡ್‌ಫೋನಿಂದೇ ಇರಬಹುದು.”

“ಹಂಗಾದ್ರೆ ನಿಂದರಾಗೆ ಕೇಳು.”

“ನಂದರಾಗೂ ಒಂದೊಂದು ಸಲ ಕೇಳಿಸ್ತೈತೆ. ಒಂದೊಂದು ಸಲ ಇಲ್ಲ. ಇವರದು ಎಲ್ಲಾನೂ ಬಿಚ್ಚಿ ತೋರಿಸ್ತೈತೆ, ನಂದು ಮುಚ್ಚಿಡ್ತೈತೆ. ಅದಕ್ಕೇ ಇರಬಹುದು.” ತಡೆದು, “ಬರೀ ಕೋಣೆಯಾಗೆ ಸುಮ್ನೆ ಕುಂತಾಗ್ಲೂ ಕೇಳಿಸಿದಂಗಾಗ್ತೈತೆ,” ಎಂದಳು.

ಮಾರನೆಯ ದಿನ ತಿಮ್ಮರಾಯಪ್ಪನವರೇ ಫೋನು ಮಾಡಿದರು. ಸಹನಾ ಫೋನನ್ನು ಮೇಜಿನ ಮೇಲಿಟ್ಟು ಮಾತಾಡುತ್ತಿದ್ದಳು. ಅವರದು ಗಟ್ಟಿ ದನಿ, ಅಡುಗೆಮನೆಗೂ ಕೇಳುತ್ತಿತ್ತು.

“ಏನಮ್ಮಾ, ಹೆಂಗವ್ನೆ ನಮ್ಮ ಹುಡುಗ? ನನ್ನ ಸೊಸೆ, ಮನೆ ಈಗ ಬಿಕೋ ಅಂತೈತೆ ಅಂತಾಳೆ. ಆ ಹೆಡ್‌ಫೋನನ್ನ ಮಾವನ ಕಿರೀಟ ಅಂತಾಳೆ ಅವಳು.”

“ಚೆನ್ನಾಗೈತೆ ಅಂಕಲ್. ಎಡಗಡೆ ಸ್ವಲ್ಪ ಜುಂಯ್ ಅಂದಂಗೆ ಆಗ್ತೈತೆ. ಮುಂಚೆ ಇತ್ತಾ?”

“ನನ್ನ ಹತ್ರ ಇದ್ದಾಗ ಏನೂ ಇರಲಿಲ್ಲ. ತಿರುಗಿಸಿ ಹಾಕ್ಕಂಡು ನೋಡಮ್ಮ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಸದ್ದು ಬಲಗಿವಿಗೆ ಬಂತು ಅಂದ್ರೆ ಹೆಡ್‌ಫೋನಿಂದು. ಎಡಗಿವ್ಯಾಗೇ ಉಳ್ಕಂತು ಅಂದ್ರೆ...” ಅವರು ನಕ್ಕರು. “ಅಂದ್ರೆ ನಿನ್ನ ಕಿವಿ ಗುಗ್ಗೆ ತೆಗೆಸ್ಕಬೇಕು ಅಷ್ಟೇ.”

“ಹ್ಞೂ ಅಂಕಲ್, ನೋಡ್ತೀನಿ.”

ಅಷ್ಟು ಸುಲಭದ ಪರೀಕ್ಷೆ. ಅವರು ಹೇಳುವ ಮೊದಲೇ ಅವಳಿಗೆ ಅದು ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ಈಗ ಮಾಡುತ್ತಾಳೆ, ಇನ್ನೊಂದು ಗಳಿಗೆಗೆ ಮಾಡುತ್ತಾಳೆ ಎಂದು ಬಾಗಿಲ ಹತ್ತಿರ ಸುಳಿದಾಡಿದೆ. ಅವಳು ಪ್ರತಿ ಸಲ ಹಾಕಿಕೊಳ್ಳುವ ಮೊದಲು ಒಳಗೆ ಬರೆದಿರುವ ಎಡ ಬಲದ ಗುರುತನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು, ತಪ್ಪಿಯೂ ತಿರುಗದಿರಲಿ ಎಂಬಂತೆ. ಸಂಜೆಯಾಯಿತು. ರಸ್ತೆಯಲ್ಲಿ ಕಬ್ಬಿಣದ ಅದಿರಿನ ಲಾರಿಗಳು ಸಾಲುಸಾಲಾಗಿ ಹೋದವು. ಜಗುಲಿಗೆ ನೀರು ಹಾಕಿ ಕೆಂಪು ಧೂಳು ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಅವಳು ತಿರುಗಿಸಲಿಲ್ಲ.

ಅವಳು ಸ್ನಾನಕ್ಕೆ ಹೋದಾಗ ನಾನು ಕೋಣೆಗೆ ಹೋದೆ. ಕಿಟಕಿಯ ಕಟ್ಟೆಯ ಮೇಲೆ ಎರಡು ಹೆಡ್‌ಫೋನುಗಳೂ ಅಕ್ಕಪಕ್ಕ ಇದ್ದವು. ಹಾಕಿಕೊಂಡು ಬೆವೆತದ್ದು ಗಾಳಿಗೆ ಆರಲಿ ಎಂದು ಅವಳು ಯಾವಾಗಲೂ ಅಲ್ಲೇ ಇಡುತ್ತಾಳೆ. ಎಡ ಬಲ ಗುರುತಿನ ಮೇಲೆ ಒಂದು ಚೂರು ಅಂಟು ಪಟ್ಟಿ ಹಚ್ಚಿ, ತಿರುಗಿಸಿ ಇಟ್ಟುಬಿಟ್ಟರೆ? ತಿಳಿಯದೆ ಹಾಕಿಕೊಳ್ಳುತ್ತಾಳೆ, ಸತ್ಯ ತಾನಾಗಿ ಗೊತ್ತಾಗುತ್ತದೆ. ಕೈಗೆತ್ತಿಕೊಂಡೆ. ಭಾರವಾಗಿತ್ತು. ಅವಳು ಮಗುವಾಗಿದ್ದಾಗ ಮಾತ್ರೆಯನ್ನು ಉಪ್ಪಿಟ್ಟಿನಲ್ಲಿ ಮುಚ್ಚಿ ಕೊಡುತ್ತಿದ್ದವಳು ನಾನು. ಆದರೆ ಆಗ ಮಾತ್ರೆಯಿಂದ ಜ್ವರ ಬಿಡುತ್ತಿತ್ತು. ಇದರಿಂದ ಬರುವ ಉತ್ತರ ಏನೆಂದು ನನಗೇ ಗೊತ್ತಿರಲಿಲ್ಲ. ಅವಳು ಸಿದ್ಧವಾಗದ ಹೊತ್ತಿನಲ್ಲಿ, ಒಬ್ಬಳೇ ಇದ್ದಾಗ, ಎಡಗಿವಿಯಲ್ಲೇ ಉಳಿದುಬಿಟ್ಟರೆ? ಇದ್ದ ಹಾಗೇ ಇಟ್ಟು ಬಂದೆ.

ಭಾನುವಾರ ಹೆಡ್‌ಫೋನು ವಾಪಸ್ ಕೊಡುವುದಿತ್ತು. ಅವರು ಹಿರಿಯೂರಿನಿಂದ, ನಾವು ಹೊಳಲ್ಕೆರೆಯಿಂದ, ನಡುವೆ ಚಿತ್ರದುರ್ಗದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಸೇರುವುದೆಂದು ಮಾತಾಗಿತ್ತು.

“ನೀನ್ಯಾಕಮ್ಮ? ನಾನೇ ಹೋಗ್ಬರ್ತೀನಿ,” ಎಂದಳು.

“ನಂಗೆ ಅಲ್ಲಿ ಪಾತ್ರೆ ಅಂಗಡೀಲಿ ಕೆಲ್ಸ ಐತೆ.” ನನಗೆ ಯಾವ ಕೆಲಸವೂ ಇರಲಿಲ್ಲ. ಅವಳಿಗೂ ಅದು ಗೊತ್ತಿತ್ತು.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಂಡಕ್ಟರು, “ಅದಕ್ಕೂ ಟಿಕೆಟ್ ತಗಬೇಕಲ್ಲಮ್ಮ, ಸೀಟಿನಷ್ಟೈತೆ,” ಎಂದು ರೇಗಿಸಿದ. ಅವಳು ನಗಲಿಲ್ಲ. ಬಸ್ಸಿನ ಎಂಜಿನ್ ಗುಡುಗುಡು ಎನ್ನುವಾಗ ಎಡಗಿವಿಯನ್ನು ಬೆರಳಿನಿಂದ ಒತ್ತುವಳು, ಬಿಡುವಳು. ನಾನು ಕಂಡೂ ಕಾಣದ ಹಾಗೆ ಕಿಟಕಿಯ ಆಚೆ ನೋಡಿದೆ.

ತಿಮ್ಮರಾಯಪ್ಪನವರು ಆಗಲೇ ಬಂದು ಮೂಲೆಯ ಮೇಜು ಹಿಡಿದಿದ್ದರು. ಎತ್ತರದ ಆಳು, ಬಿಳಿ ಅರ್ಧ ತೋಳಿನ ಅಂಗಿ. “ಬರ್ರಿ ತಾಯಿ, ಕುಂತ್ಕಳ್ರಿ,” ಎಂದು ನನಗೆ ಕುರ್ಚಿ ಎಳೆದುಕೊಟ್ಟರು. ಇಡ್ಲಿ ಹೇಳಿದರು, ಬೇಡವೆಂದರೂ ವಡೆ ಹೇಳಿದರು. ತಿಂಡಿ ಬರುವ ಮೊದಲೇ ಪೆಟ್ಟಿಗೆ ತೆರೆದು, ಮೊಮ್ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡರು.

“ಸರಿ, ಹೇಳಮ್ಮ. ಯಾವುದು ಗೆಲ್ತು?”

“ನಿಮ್ದೇ ಅಂಕಲ್. ಅದ್ರ ಮುಂದೆ ನಂದು ನಿಲ್ಲಲ್ಲ.”

“ಮತ್ತೆ ಆ ಜುಂಯ್ ಕಥೆ? ತಿರುಗಿಸಿ ನೋಡ್ದಾ?”

“ಇಲ್ಲ.”

ಅವರು ಅಚ್ಚರಿಯಿಂದ ಅವಳನ್ನು ನೋಡಿದರು. “ಯಾಕಮ್ಮ?”

ಅವಳು ಮೊಬೈಲು ತೆಗೆದು, ಜೊತೆಗೆ ತಂದಿದ್ದ ಸಣ್ಣ ಆಂಪ್ಲಿಫೈಯರಿಗೆ ತಂತಿ ಸೇರಿಸಿ, ಜುಂಜಮ್ಮನ ಪದ ಹಾಕಿದಳು. “ನೀವೇ ಕೇಳ್ರಿ ಅಂಕಲ್. ಹಾರ್ಮೋನಿಯಂ ಇಳಿಯೋ ಕಡೆ.”

ಅವರು ಹಾಕಿಕೊಂಡು ಕಣ್ಣು ಮುಚ್ಚಿದರು. ಸಹನಾ ಅವರ ಮುಖವನ್ನೇ ನೋಡುತ್ತಿದ್ದಳು. ನಾನು ಸಹನಾಳ ಮುಖವನ್ನು ನೋಡುತ್ತಿದ್ದೆ. ಹೋಟೆಲಿನ ಗದ್ದಲದಲ್ಲಿ ನಮಗೇನೂ ಕೇಳುತ್ತಿರಲಿಲ್ಲ. ಅವರ ಕಾಲು ಮಾತ್ರ ಮೇಜಿನ ಕೆಳಗೆ ತಾಳ ಹಾಕುತ್ತಿತ್ತು.

“ಏನೂ ಇಲ್ವಲ್ಲಮ್ಮ,” ಎಂದರು ತೆಗೆದು. “ಹಾಲಿದ್ದಂಗೈತೆ.”

“ಇಲ್ವಾ?”

“ಇಲ್ಲ. ಆ ಹೆಂಗಸು ಏನು ಹಾಡ್ತಾಳೆ ಅಂತೀನಿ.”

ನನ್ನ ಮಗಳು ಲೋಟದ ನೀರನ್ನು ಎತ್ತಿದಳು, ಕುಡಿಯದೆ ಇಟ್ಟಳು. ಅವಳು ಬರಿಯ ಗೋಡೆಗೆ ಹೇಳುವ ಹಾಗೆ, “ಹಂಗಾದ್ರೆ ನನ್ನ ಕಿವಿದೇ,” ಎಂದಳು. “ಅಪ್ಪಂಗಾದಂಗೇ.”

ತಿಮ್ಮರಾಯಪ್ಪನವರು ಅರ್ಥವಾಗದೆ ನನ್ನ ಕಡೆ ತಿರುಗಿದರು. ಅವಳ ಅಪ್ಪನ ವಿಷಯ, ನಮ್ಮತ್ತೆಯ ವಿಷಯ ಎರಡು ಮಾತಿನಲ್ಲಿ ಹೇಳಿದೆ. ಅವರ ನಗು ನಿಂತಿತು. “ನಾನು ಗುಗ್ಗೆ ಅಂತ ತಮಾಷೆ ಮಾಡ್ದೆನಲ್ಲ,” ಎಂದರು.

“ಅಮ್ಮ,” ಎಂದಳು ಸಹನಾ. “ನೀನೇ ಹಾಕು. ನಾನು ನೋಡಲ್ಲ. ತಿರುಗಿಸಿ ಹಾಕಿದೀಯೋ ನೆಟ್ಟಗೆ ಹಾಕಿದೀಯೋ ಹೇಳಬ್ಯಾಡ.” ಕಣ್ಣು ಮುಚ್ಚಿಕೊಂಡಳು.

ನನ್ನ ಕೈ ಸೆರಗಿಗೆ ಒರೆಸಿಕೊಂಡೆ. ಒಳಗಿನ ಗುರುತು ನೋಡಿದೆ. ತಿರುಗಿಸಿದೆ. ಅವಳ ಕೂದಲನ್ನು ಕಿವಿಯ ಹಿಂದೆ ಸರಿಸಿ ಮೆಲ್ಲಗೆ ತಲೆಯ ಮೇಲೆ ಇಟ್ಟೆ. ತಿಮ್ಮರಾಯಪ್ಪನವರು ಪದವನ್ನು ಮೊದಲಿನಿಂದ ಬಿಟ್ಟರು. ವಡೆ ತಂದ ಹುಡುಗನಿಗೆ ಅವರು ಕೈಸನ್ನೆ ಮಾಡಿ ತಡೆದರು.

ಇಡೀ ಪಲ್ಲವಿ ಮುಗಿಯುವವರೆಗೂ ಅವಳು ಅಲುಗಾಡಲಿಲ್ಲ. ಆಮೇಲೆ ಅವಳ ಕೈ ಮೇಲೆ ಬಂತು. ಗಾಳಿಯಲ್ಲಿ ಅರ್ಧಕ್ಕೆ ನಿಂತಿತು. ಬಲಗಿವಿಯನ್ನು ಮುಟ್ಟಿತು.

“ಇನ್ನೊಂದು ಸಲ,” ಎಂದಳು ಕಣ್ಣು ತೆರೆಯದೆ.

ನೆಟ್ಟಗೆ ಹಾಕಿದೆ. ಎಡಗಿವಿ ಮುಟ್ಟಿದಳು. ತಿರುಗಿಸಿದೆ. ಬಲಗಿವಿ. ತಿರುಗಿಸುವಂತೆ ನಟಿಸಿ ಹಾಗೇ ಹಾಕಿದೆ. ಬಲಗಿವಿಯೇ. ಹೆಡ್‌ಫೋನು ಹೋದ ಕಡೆ ಸದ್ದು ಹೋಗುತ್ತಿತ್ತು.

“ಸಾಕು ಬಿಡೇ,” ಎಂದೆ. “ನಿನ್ನ ಕಿವಿ ಚೆನ್ನಾಗೈತೆ. ಕೆಟ್ಟಿರೋದು ಇದು. ಮಿಕ್ಕ ಕಡೆ ಕೇಳಿಸಿದ್ದೆಲ್ಲ ನಿನ್ನ ಹೆದರಿಕೆ.” ಅಷ್ಟು ಬೆಲೆಯ ವಸ್ತು ಕೆಟ್ಟಿದೆ ಎಂದು ಅದರ ಯಜಮಾನನ ಎದುರಿಗೇ ಇಷ್ಟು ಸಂತೋಷಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಸಹನಾ ಮುಖ ಮುಚ್ಚಿಕೊಂಡು ನಕ್ಕಳು, ಸೆರಗಿಗಾಗಿ ನನ್ನ ಕಡೆ ಕೈ ಚಾಚಿದಳು.

ತಿಮ್ಮರಾಯಪ್ಪನವರು ಕೆಟ್ಟ ಕಡೆಯನ್ನು ಬೆಳಕಿಗೆ ಹಿಡಿದು, ಮೊಬೈಲಿನ ಟಾರ್ಚು ಬಿಟ್ಟು ಜಾಲರಿಯೊಳಗೆ ನೋಡಿದರು. ನಾವೂ ಬಗ್ಗಿ ನೋಡಿದೆವು. ಅಯಸ್ಕಾಂತದ ಪಟ್ಟಿಗಳಿಗೆ ಸಣ್ಣ ಸಣ್ಣ ಕಪ್ಪು ರೋಮಗಳು ಎದ್ದಿದ್ದವು, ಒಂದೆರಡು ಒಳಗಿನ ಹಾಳೆಯನ್ನು ಸೋಕುತ್ತಿದ್ದವು. ನಮ್ಮ ಕಡೆಯ ಮಕ್ಕಳೆಲ್ಲ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ರಸ್ತೆಯ ಮಣ್ಣಿನಲ್ಲಿ ಎಳೆದು ಅದಕ್ಕೆ ಗಡ್ಡ ಬರಿಸಿದವರೇ. ಸಹನಾ ಕೂಡ ಬರಿಸಿದವಳೇ.

“ಅದಿರಿನ ಧೂಳು,” ಎಂದಳು ಮೆತ್ತಗೆ. “ಲಾರಿ ಹೋಗೋ ರಸ್ತೆ ಕಡೆ ಕಿಟಕೀಲಿ ಆರಾಕೆ ಇಡ್ತಿದ್ದೆ ಅಂಕಲ್. ಅಯಸ್ಕಾಂತನ ತಗಂಡು ಹೋಗಿ ಅಲ್ಲಿ ಇಟ್ಟೆನಲ್ಲ, ನನಗೆ ಹೊಳೀಲೇ ಇಲ್ಲ. ನನ್ನದೇ ತಪ್ಪು. ನಾನೇ ರಿಪೇರಿ ಮಾಡಿಸಿ ಕೊಡ್ತೀನಿ.”

“ಅದಿರ್ಲಿ ಬಿಡಮ್ಮ, ಬಿಚ್ಚಿ ತೆಗೆದ್ರೆ ಹೋಗ್ತೈತೆ, ಆ ಕೆಲ್ಸ ಮಾಡೋರವ್ರೆ,” ಎಂದರು ಅವರು. ಆದರೆ ಅವರ ಗಮನ ಅವಳ ಮಾತಿನ ಮೇಲಿರಲಿಲ್ಲ. ಹೆಡ್‌ಫೋನನ್ನು ಮತ್ತೆ ತಲೆಗೆ ಹಾಕಿಕೊಂಡರು. “ಹಾಕು ಆ ಪದ.”

ಹಾಕಿದಳು. ಅವರು ಎರಡೂ ಕಡೆಯನ್ನು ಅಂಗೈಯಿಂದ ಕಿವಿಗೆ ಒತ್ತಿಕೊಂಡರು. “ಜೋರು ಮಾಡು,” ಎಂದರು. ತಿರುಗಿಸಿ ಹಾಕಿಕೊಂಡರು. “ಯಾವ ಜಾಗ? ಬಂದಾಗ ಬೆರಳೆತ್ತು.”

ಸಹನಾ ಜಾಲರಿಯ ಹತ್ತಿರ ಕಿವಿ ತಂದು ಕೇಳುತ್ತಾ ಬೆರಳೆತ್ತಿದಳು. ಇಳಿಸಿದಳು. ಮತ್ತೆ ಎತ್ತಿದಳು. ಅವಳ ಬೆರಳು ಎದ್ದಾಗಲೆಲ್ಲ ಅವರು ತಲೆಯಾಡಿಸಿದರು.

ಆ ತಲೆಯಾಡಿಸುವುದು ನನಗೆ ಗೊತ್ತು. ಕೇಳಿಸಿದವರು ಹಾಗೆ ಆಡಿಸುವುದಿಲ್ಲ. ನಮ್ಮ ಮನೆಯವರು ಗಿರಾಕಿಗಳ ಎದುರು ಎಷ್ಟೋ ವರ್ಷ ಹಾಗೇ ಆಡಿಸಿದ್ದರು, ನನ್ನ ಎದುರೂ. ನನ್ನ ಸಂತೋಷ ಅಲ್ಲೇ ಎಲ್ಲೋ ಸಿಕ್ಕಿಹಾಕಿಕೊಂಡಿತು. ಇಡ್ಲಿ ತಣ್ಣಗಾಗಿತ್ತು. ಹೇಳಬೇಕೋ ಬೇಡವೋ ಎಂದು ಚಟ್ನಿಯ ಬಟ್ಟಲನ್ನು ಆ ಕಡೆ ಈ ಕಡೆ ಸರಿಸಿದೆ.

ಅವರೇ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು.

“ಕೇಳಿಸ್ತಿಲ್ಲ,” ಎಂದರು. “ನೀನು ಬೆರಳೆತ್ತಿದ್ದು ಕಾಣಿಸ್ತಮ್ಮ. ಸದ್ದು ಕೇಳಿಸ್ಲಿಲ್ಲ.”

ಸಹನಾ ಪದ ನಿಲ್ಲಿಸಿದಳು.

“ನನ್ನ ಸೊಸೆ ದಿನಾ ಹೇಳ್ತಾಳೆ, ಮಾವ ಟಿವಿ ಇಷ್ಟು ಜೋರಾಗಿ ಇಡಬ್ಯಾಡ್ರಿ, ಕುಕ್ಕರ್ ಕೂಗಿದ್ದು ಕೇಳಿಸಲ್ವೇನ್ರಿ ಅಂತ. ಅವಳಿಗೆ ನನ್ನ ಕಂಡ್ರೆ ಆಗಲ್ಲ ಅಂದ್ಕಂಡಿದ್ದೆ.” ಜಾಲರಿಯ ಮೇಲೆ ಬೆರಳಾಡಿಸಿದರು. “ಇದಕ್ಕೂ ಅದಕ್ಕೂ ಏನು ವ್ಯತ್ಯಾಸ ಅಂತ ಗುಂಪಿನಾಗೆ ಪುಟಗಟ್ಟಲೆ ಬರೆದಿದೀನಿ ತಾಯಿ. ಮೇಲಿನ ಸ್ವರ ಹಿಂಗೈತೆ, ಹಂಗೈತೆ ಅಂತ.”

“ಯಾರಿಗಾದ್ರೂ ತೋರಿಸಿದೀರಾ?” ಎಂದೆ.

“ಇಲ್ಲ. ಕಿವಿ ಚೆನ್ನಾಗಿರೋನು ಯಾಕೆ ತೋರಿಸ್ತಾನೆ?”

ಸಹನಾ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡಳು. “ನಾಳೆ ಬರ್ರಿ ಅಂಕಲ್. ಇಲ್ಲೇ ಪರೀಕ್ಷೆ ಮಾಡ್ತಾರೆ. ಸದ್ದಿಲ್ಲದ ಕೋಣೆಯಾಗೆ ಕೂರಿಸಿ, ಕೇಳಿಸಿದಾಗ ಗುಂಡಿ ಒತ್ತು ಅಂತಾರೆ, ಅಷ್ಟೇ. ನಾನೂ ಬರ್ತೀನಿ.”

“ನೀನ್ಯಾಕಮ್ಮ? ನಿಂದು ನೆಟ್ಟಗೈತಲ್ಲ.”

“ಇವತ್ತು ನೆಟ್ಟಗೈತೆ. ನೋಡಾಕೆ ಹೆದರಿ ಇಷ್ಟು ದಿನ ಮುಂದಕ್ಕೆ ಹಾಕಿದೆ. ಇಬ್ರೂ ಒಟ್ಟಿಗೆ ಹೋಗಾಣ. ನೀವು ಮೊದಲು ಕುಂತ್ಕಳ್ರಿ, ಆಮೇಲೆ ನಾನು.”

ತಿಮ್ಮರಾಯಪ್ಪನವರು ಹೆಡ್‌ಫೋನನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. ಮತ್ತೆ ತೆಗೆದರು. ಹೊರಗೆ ಹೊಳಲ್ಕೆರೆಯ ಬಸ್ಸಿನವನು ಊರಿನ ಹೆಸರು ಕೂಗುತ್ತಿದ್ದ. ನಾನು ಏಳಲಿಲ್ಲ.

“ಹೆಂಗೈತೆ ಅದು?” ಎಂದು ಕೇಳಿದರು. “ಆ ಸದ್ದು. ನೀನು ಹೇಳಮ್ಮ, ನಾನು ಕೇಳ್ತೀನಿ.”

ಸಹನಾ ಯೋಚಿಸಿದಳು. “ಬೆಂಕಿಪೊಟ್ಟಣದಾಗೆ ನೊಣ ಸಿಕ್ಕಂಡಂಗೆ ಅಂಕಲ್.”

“ಅಷ್ಟು ಸಣ್ಣದಾ?”

“ಅಷ್ಟೇ ಸಣ್ಣದು.”

“ಮೊದಲು ನನಗೆ ಅಂಥದ್ದೆಲ್ಲ ಕೇಳಿಸ್ತಿತ್ತು ಅಂತೀಯಾ?”

“ಕೇಳಿಸ್ತಿತ್ತು,” ಎಂದಳು. ಅವಳಿಗೆ ಅದು ಹೇಗೆ ಗೊತ್ತು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಜೇಬಿನಿಂದ ಫೋನು ತೆಗೆದು, ಕನ್ನಡಕ ಏರಿಸಿಕೊಂಡು, ನಾಳೆ ಬೆಳಗ್ಗೆ ಹಿರಿಯೂರು ಬಿಡುವ ಮೊದಲ ಬಸ್ಸು ಯಾವುದೆಂದು ಕೇಳಲು ಸೊಸೆಗೆ ಫೋನು ಮಾಡಿದರು. ಸದ್ದು ಪೂರ್ತಿ ಏರಿಸಿದ್ದ ಫೋನಿನಲ್ಲಿ ಅವಳು ಹೇಳಿದ್ದು ನಮಗೆಲ್ಲ ಕೇಳಿಸಿತು. ಅವರು ಒಮ್ಮೆ ತಲೆಯಾಡಿಸಲು ಹೋಗಿ, ತಡೆದು, “ಇನ್ನೊಂದು ಸಲ ಹೇಳಮ್ಮ,” ಎಂದರು.